ಸುಮ್ಮನೆ ಕೂತ ಪೈಲಟ್ಟು

ಪೆಟ್ರೋಲು ಸಿಗದ ಯುದ್ಧದ ಕಾಲ. ಸೂಳಗಿರಿಯಲ್ಲಿ ಇದ್ದಿಲಿನಿಂದ ಓಡುವ ಬಸ್ಸಿಗೆ ಕಾಯುತ್ತಿದ್ದ ಮುನಿರತ್ನಮ್ಮನ ಪಕ್ಕದಲ್ಲೇ ಆವುಲಪ್ಪ ನಿಂತಿದ್ದ. ಬೆಂಗಳೂರಲ್ಲಿ ಯುದ್ಧದ ವಿಮಾನ ರಿಪೇರಿ ಮಾಡುವ ತಂಗಿಯ ಮಗ ಪಿಳ್ಳಪ್ಪನನ್ನು ಬಸ್ಸು ಹತ್ತಿಸಲು ಬಂದಿದ್ದ.

“ರಿಪೇರಿಯಾದ ಇಮಾನದಾಗೆ ನಾಳೆ ನಾನೂ ಮೇಲಕ್ಕೋಗ್ಬೇಕು ಮಾವ. ಓಡ್ಸಕ್ಕೆ ಯಂತ್ರ ಐತೆ, ಪೈಲಟ್ಟು ಸುಮ್ಕೆ ಕೂತಿರ್ತಾನೆ.”

“ಸಂತೆಯಿಂದ ಬತ್ತಾ ನಾನೂ ಗಾಡೀಲಿ ಮಲಗ್ತೀನಿ. ಹಳ್ಳ ತುಂಬಿದ್ರೆ ಎತ್ತುಗಳೇ ನಿಂತ್ಕಂತವೆ. ನಿಮ್ ಯಂತ್ರ ನಿಂತ್ಕಂತದಾ?”

“ಇಲ್ಲ. ಆಪತ್ತು ಬಂದ್ರೆ ಪೈಲಟ್ಟೇ ಹಿಡೀಬೇಕು.”

“ಯಾರು, ಅಲ್ಲೀಗಂಟ ತೂಕಡಿಸ್ತಿದ್ದೋನಾ?”

ಬಸ್ಸು ಹೊಗೆಯುಗುಳುತ್ತಾ ಬಂದು ನಿಂತಿತು.

“ನಾಳೆ ಆವಪ್ಪನ್ನ ಮಾತಾಡಿಸ್ತಾನೇ ಇರು ಕಣ್ಲಾ,” ಎಂದು ಹೇಳಿ ಆವುಲಪ್ಪ ಊರ ಕಡೆ ತಿರುಗಿದ.

ಮುನಿರತ್ನಮ್ಮ ಬಸ್ಸು ಹತ್ತಿದವಳೇ ಡ್ರೈವರನ ಬೆನ್ನ ಹಿಂದೆ ಹೋಗಿ ಕೂತಳು.

“ಯಾವೂರಪ್ಪಾ ನಿಂದು? ಮಕ್ಕಳೆಷ್ಟು?”