ಕಟ್ಟೆಯ ಮೇಲಿನ ಕೈ

ನಗಬೇಡ್ವೇ... ನಿಜವಾಗ್ಲೂ ಈ ಬೆಂಚೇ ಚೆಂದ. ಊರಲ್ಲಿ ಎಷ್ಟು ಪಾರ್ಕಿದ್ರೂ ನನಗೆ ಇದೇ ಆಗಬೇಕು. ನಾಲ್ಕು ಬೆಂಚು, ಒಂದು ಜಾರುಬಂಡೆ, ಮುಂದೆ ಕಣ್ಣು ತುಂಬಾ ನದಿ. ಕೂತ್ಕೋ ಸ್ವಲ್ಪ. ಗಾಳಿ ನೋಡು, ಬೆವರೆಲ್ಲಾ ಆರಿಹೋಯ್ತು. ಏನವಸರ? ನದಿ ಅಂಚಿನ ಕಟ್ಟೆ ಎಲ್ಲಿಗೂ ಓಡಿಹೋಗಲ್ಲ... ಹೌದು ಮಾರಾಯ್ತಿ, ನಾಳೆ ಒಡೀತಾರೆ, ಗೊತ್ತು. ಹೋದ ತಿಂಗಳು ನನ್ನ ಕೈಲೇ ಬಣ್ಣ ಹೊಡಿಸಿಕೊಂಡು ಈಗ ಕಬ್ಬಿಣದ ಕಂಬಿ ಹಾಕ್ತಾರಂತೆ, ಅವರ ಬುದ್ಧಿಗಿಷ್ಟು. ಆ ಸುದ್ದಿ ನಿನ್ನ ಕಿವಿಗೆ ಹಾಕಿದವರ ನಾಲಿಗೆ ಸೇದಿಹೋಗ.

ಪುಟ್ಟಿ ಹೋದ ಮೇಲೆ ನೀನು ಈ ಕಡೆ ತಲೆ ಹಾಕಿಯೂ ಮಲಗಿದವಳಲ್ಲ. ಈಗ ಹಟ ಹಿಡಿದು ಹೊರಟೆ. ಎರಡು ತಿಂಗಳ ಹಿಂದೆ ಟೈಲರ್ ಮಗಳ ನಿಶ್ಚಿತಾರ್ಥಕ್ಕೂ ಹೀಗೇ ಹೊರಟಿದ್ರೆ ಆಗ್ತಿತ್ತು. ಪುಟ್ಟಿ ಜೊತೆಗೇ ಓದಿದ ಹುಡುಗಿ, ಎಷ್ಟು ಸಲ ಕರೆದಳು... ಸರಿ, ಬಿಡು. ಆ ಮಾತು ಬೇಡ.

ಹೂಂ, ಅಲ್ಲೇ. ಆ ಮೂಲೇಲಿ. ಒದ್ದೆ ಬಣ್ಣದ ಮೇಲೆ ಪುಟಾಣಿ ಕೈ ಊರಿ, ‘ಅಪ್ಪಾ, ಇದು ನಾನು’ ಅಂದಿದ್ದಳು. ಎಷ್ಟು ಬೈದೆ ನಾನು ಅವತ್ತು. ಆ ವಾರವೇ ಜ್ವರ ಬಂತು... ಈಗಲೂ ಪ್ರತಿ ವರ್ಷ ಬಣ್ಣ ಹೊಡೀತಾ ಆ ಮೂಲೆಗೆ ಬಂದಾಗ ಬೆನ್ನ ಹಿಂದೆ ಯಾರೋ ನಿಂತ ಹಾಗಾಗುತ್ತೆ. ‘ಒದ್ದೆ ಇದೆ, ಮುಟ್ಟಬೇಡ’ ಅಂದುಬಿಡ್ತೀನಿ. ಮಾಲಿ ಒಂದ್ಸಲ ಕೇಳಿದ, ಯಾರಿಗೆ ಹೇಳ್ತಿದೀಯ ಅಂತ. ಬಣ್ಣ ಕಲಸ್ತಾ ಕೂತೆ.

ಏಯ್, ಎದ್ದೇಬಿಟ್ಯಾ? ನಿಲ್ಲು, ನಾನೂ ಬಂದೆ... ನೋಡಿದ್ಯಲ್ಲ? ಇದೆ ತಾನೇ? ಸುತ್ತ ಟೇಪು ಅಂಟಿಸಿ ಅಷ್ಟು ಜಾಗ ಬಿಟ್ಟೇ ಹೊಡೀತೀನಿ ಅಂದಿರಲಿಲ್ವಾ? ಮುಟ್ಟಬೇಡ, ಬಿಸಿಲಿಗೆ ಕಾದಿರುತ್ತೆ. ನಡಿ ಹೋಗೋಣ.

ದೊಡ್ಡದು ಅಂತೀಯಾ? ಬಣ್ಣ ಅಂದ್ರೆ ಹಾಗೇ ಕಣೇ. ಮಳೆ, ಬಿಸಿಲು, ವರ್ಷಾ ವರ್ಷಾ ಸ್ವಲ್ಪ ಸ್ವಲ್ಪ ಹರಡ್ತಾ ಹೋಗುತ್ತೆ. ನಿನ್ನ ಕೈ ಮೊದಲೇ ಚಿಕ್ಕದು, ಅದಕ್ಕೇ ಅದರ ಮೇಲೆ ಸರಿಸಮ ಕೂತಿದೆ.

ಆ ಬೆರಳ ಬುಡದಲ್ಲಿ ಏನು ಸವರ್ತಿದೀಯ? ನನಗೇನೂ ಕಾಣ್ತಿಲ್ಲ. ತಡಿ, ಕನ್ನಡಕ...

ಉಂಗುರದ ಅಚ್ಚು.

ತೆಗೆದಿಡು ಅನ್ನೋದನ್ನೇ ಮರೆತೆ ಕಣೇ. ನಿಶ್ಚಿತಾರ್ಥದ ಉಂಗುರ, ಹೊಸದು. ಅವಳಿಗೂ ಹೊಳೀಲಿಲ್ಲ.

ಪುಟ್ಟಿ ಕೈ ಗುರುತು ಮೊದಲನೇ ವರ್ಷವೇ ಹೋಯ್ತು. ಕೈಯಲ್ಲಿ ರೋಲರು, ಮನಸ್ಸು ಎಲ್ಲೋ. ನೋಡೋ ಹೊತ್ತಿಗೆ ಬಳಿದಾಗಿತ್ತು. ಮನೆಗೆ ಬಂದ್ರೆ ನೀನು ಬಾಗಿಲಲ್ಲೇ ನಿಂತು ‘ಇದೆಯಾ?’ ಅಂದೆ. ಇದೆ ಅಂದೆ. ಅಂದ ಮೇಲೆ ಇರಲೇಬೇಕಾಯ್ತಲ್ಲ... ಟೈಲರ್ ಮಗಳನ್ನ ಕೇಳ್ಕೊಂಡೆ. ಆವತ್ತಿಂದ ವರ್ಷಾ ವರ್ಷಾ ಬಂದು ಕೈ ಊರಿ ಹೋಗ್ತಾಳೆ. ಒಂದು ದಿನಾನೂ ಯಾಕೆ ಅಂತ ಕೇಳಿದವಳಲ್ಲ.

ಕೈ ತೆಗೆಯಲ್ವಾ?

ಬೇಡ, ಇಟ್ಕೊಂಡಿರು. ಇದ್ದಿದ್ರೆ ನಮ್ಮ ಪುಟ್ಟೀದೂ ಈಗ ಇಷ್ಟೇ ಇರ್ತಿತ್ತು ಕಣೇ.