ರಾಣಿಯ ಕಳ್ಳಜೇಬು

ಹಲ್ಲಿನ ಡಾಕ್ಟರ ಬೆಂಚಿನ ಮೇಲೆ ಕೆನ್ನೆ ಊದಿಸಿಕೊಂಡು ಕೂತಿದ್ದ ಪೋಸ್ಟ್‌ಮ್ಯಾನ್‌ಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲ, ಕಿವಿ ಮಾತ್ರ ನೆಟ್ಟಗಿತ್ತು. ಪಕ್ಕದಲ್ಲಿ ನಾಟಕದ ನಟಿಯೊಬ್ಬಳು, ಹಲ್ಲು ಕೀಳಿಸಲು ಬಂದ ತನ್ನ ಕಂಪನಿಯ ಮುದುಕ ದರ್ಜಿಯನ್ನು ಅಲ್ಲಿಗೂ ಬೆನ್ನಟ್ಟಿ ಬಂದು ತರಾಟೆಗೆ ತೆಗೆದುಕೊಂಡಿದ್ದಳು. ಅವಳ ತೊಡೆಯ ಮೇಲೆ ನಾಟಕದ ರಾಣಿಯ ಉಡುಪಿತ್ತು.

"ಮಾಸ್ಟ್ರೇ, ಇದಕ್ಕೆ ಕಳ್ಳಜೇಬು ಯಾಕೆ?"

"ಚೂರಿ ಇಟ್ಕೊಳ್ಳೋಕೆ ಕಣಮ್ಮ."

"ಚೂರಿ ಮೇಜಿನ ಮೇಲಿರುತ್ತೆ! ರಾಜನ ಮಾತಿಗೆ ರೇಗಿ, ಕೈಗೆ ಸಿಕ್ಕಿದ್ದನ್ನ ಎತ್ತಿ ಚುಚ್ತಾಳೆ. ಜೇಬಲ್ಲಿಟ್ಕೊಂಡು ಬಂದ್ರೆ, ಕೊಲ್ಲೋಕೇ ಬಂದ್ಲು ಅಂತಾಗಲ್ವಾ? ನನ್ನ ರಾಣಿ ಅಂಥೋಳಲ್ಲ. ಇವತ್ತೇ ಬಿಚ್ಚಿ!"

"ಅದು ನಿಮ್ಮಮ್ಮ ರಾಣಿ ಪಾರ್ಟು ಮಾಡುವಾಗ ಹೊಲಿಸ್ಕೊಂಡಿದ್ದು."

"ಸುಳ್ಳು! ಅಮ್ಮ ಮೇಜಿನ ಮೇಲಿನ ಚೂರೀನೇ ಎತ್ತುತಿದ್ಲು. ಪರದೆ ಪಕ್ಕ ನಿಂತು ದಿನಾ ನೋಡಿದೀನಿ."

"ಹೌದು. ಆದ್ರೆ ಜೇಬಲ್ಲೂ ಒಂದು ಇರ್ತಿತ್ತು. ಪ್ರತಿ ಆಟಕ್ಕೂ."

ನಟಿ ಕಳ್ಳಜೇಬಿನ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಅಷ್ಟರಲ್ಲಿ ನರ್ಸ್ ಕರೆದಳು, ದರ್ಜಿ ಎದ್ದ.

"ಹೋಗ್ಲಿ, ಜೇಬು ಹಾಗೇ ಇರ್ಲಿ!" ಅವನ ಬೆನ್ನಿಗೆ ಅವಳು ಕೂಗಿದಳು. "ಆದ್ರೆ ನನ್ನ ರಾಣಿ ಅದಕ್ಕೆ ಕೈ ಹಾಕಲ್ಲ!"

"ನಿಮ್ಮಮ್ಮನೂ ಹೀಗೇ ಅಂದಿದ್ರು ಕಣಮ್ಮ," ಎಂದು ದರ್ಜಿ ಒಳಗೆ ಹೋದ.