ಕೋಲ್ಬೇನ್‌ನ ಪಿಕಪ್‌ನಲ್ಲಿ ಕೂತಿದ್ದವರು

ಅವರಿವರು ಹೇಳಿದ್ದಲ್ಲ ಇದು. ನನ್ನ ಚಿಕ್ಕಪ್ಪನ ಮಗಳು ಹಾಲ್ಬೆರಾಳಿಗೆ ಆದದ್ದು. ಕೊನೆಯ ಭಾಗಕ್ಕೆ ನಾನೇ ಸಾಕ್ಷಿ. ಆ ದೀಪ ಸ್ವಲ್ಪ ಸಣ್ಣ ಮಾಡಿ... ಹಾಂ, ಸಾಕು.

ಸಂಜೆ ಐದು ಗಂಟೆ. ನಮ್ಮ ಉತ್ತರ ಐಸ್‌ಲ್ಯಾಂಡಿನಲ್ಲಿ ಡಿಸೆಂಬರಿನ ಐದು ಅಂದರೆ ಕಗ್ಗತ್ತಲು. ಪಾಳುಬಾವಿಯ ದಾರಿಯಲ್ಲಿ ನಾನೂ ನಮ್ಮೂರಿನ ಕೋಲ್ಬೇನೂ ಹೋಗುತ್ತಿದ್ದೆವು. ನಡೆಯುತ್ತಿದ್ದವನು ನಾನು. ಅವನನ್ನು ಕುತ್ತಿಗೆಪಟ್ಟಿ ಹಿಡಿದು ತಳ್ಳಿಕೊಂಡು ಹೋಗುತ್ತಿದ್ದೆ.

ಯಾಕೆ ಅಂದರೆ... ಅವನ ಹಳೇ ಡೀಸೆಲ್ ಪಿಕಪ್ಪು ಆ ಬಾವಿಯ ಹತ್ತಿರದ ಗುಂಡಿಗಳಲ್ಲಿ ಮೂರು ಸಲ ನಿಂತುಹೋಗಿತ್ತು. ಒಂದು ಸಲ ಒಳಗೆ ಅವನ ತಾಯಿ ಇದ್ದಳು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಗುಡ್ಡ ದಾಟಿ ಆಸ್ಪತ್ರೆಗೆ ಹೋಗಬೇಕಾದವಳು. ಆ ಮುದುಕಿ ಎರಡು ತಾಸು ಹಿಮದಲ್ಲಿ ಕೂತಿದ್ದಳು. ಮಗರಾಯ ಏನು ಮಾಡಿದ? ಇಂಟರ್ನೆಟ್ ನೋಡಿ ಬ್ಯಾಟರಿ ಬದಲಾಯಿಸಿದ. ಸ್ಟಾರ್ಟರ್ ಬದಲಾಯಿಸಿದ. ಡೀಸೆಲ್ ಫಿಲ್ಟರ್ ಬದಲಾಯಿಸಿದ. ಬದಲಾಯಿಸದೆ ಉಳಿದದ್ದು ಅವನ ತಲೆ ಒಂದೇ. ಆಮೇಲೆ, ಬಾವಿಯಲ್ಲಿ ದೆವ್ವ ಇದೆ ಅಂತ ಊರೆಲ್ಲ ಸಾರಿದ. ಆ ಬಾವಿಗೆ ಒಂದು ಕುರಿಮರಿ ಕೂಡ ಬಿದ್ದದ್ದಿಲ್ಲ!

"ದೆವ್ವವಂತೆ! ಇವನ ಡಬ್ಬಾ ಗಾಡಿ ನಿಲ್ಲಿಸೋದು ಬಿಟ್ರೆ ಅದಕ್ಕೆ ಬೇರೆ ಕೆಲಸ ಇಲ್ವಾ?" ಅಂದಿದ್ದಳು ಹಾಲ್ಬೆರಾ. ಇಡೀ ಕಣಿವೆಯ ಗಾಡಿ, ಟ್ರ್ಯಾಕ್ಟರ್ ರಿಪೇರಿ ಮಾಡುವವಳು ಅವಳೇ.

ಅವತ್ತು ಗಾಡಿ ನಾಲ್ಕನೇ ಸಲ ನಿಂತಿತು. ಬೆಳಿಗ್ಗೆ ತಾಯಿ ಆಸ್ಪತ್ರೆಗೆ ಹೋಗಲೇಬೇಕು. ಹಾಲ್ಬೆರಾ ಲಾಟೀನು ಹಿಡಿದು ಹೋಗಿ, ಅವನನ್ನು ಸ್ಟೀರಿಂಗಿನ ಹಿಂದೆ ಕೂರಿಸಿ ಬಾನೆಟ್ ಎತ್ತಿದಳು. ಈ ಮಹಾಶಯ ನನ್ನ ಅಡುಗೆಮನೆಗೆ ಬಂದು ಒಣಮೀನಿಗೆ ಬೆಣ್ಣೆ ಸವರಿಕೊಂಡು ತಿನ್ನುತ್ತಾ ಕೂತ.

"ಹಾಲ್ಬೆರಾ ಎಲ್ಲೋ?"

"ಅಲ್ಲೇ... ಬಾನೆಟ್ ಒಳಗೆ ತಲೆ ಹಾಕಿದಾಳೆ."

"ಹೇಳಿ ಬಂದ್ಯಾ?"

"ಬೈತಾಳೆ ಅಂತ ಸುಮ್ನೆ ಇಳಿದು ಬಂದೆ."

"ಕೀಲಿ?"

ಜೇಬು ತಟ್ಟಿ ತೋರಿಸಿದ.

"ಕೀಲಿ ಇಲ್ದೆ ಅವಳು ಏನನ್ನ ಪರೀಕ್ಷೆ ಮಾಡ್ತಾಳೋ, ಕತ್ತೆ? ಏಳು!"

ಹಾಗೆ ಎಳೆದುಕೊಂಡು ಹೊರಟವನು ನಾನು. ಬಾವಿ ದಾಟಿದೆವು. ಲಾಟೀನಿನ ಬೆಳಕು ಕಂಡಿತು. ಎತ್ತಿದ ಬಾನೆಟ್, ಅದರಡಿ ಹಾಲ್ಬೆರಾಳ ಬೆನ್ನು. ಆಗ ಅವಳ ದನಿ ಕೇಳಿಸಿತು.

"ಆನ್ ಮಾಡು, ಕೋಲ್ಬೇನ್."

ಟಕ್.

"ಆಫ್."

...

"ಇನ್ನೊಮ್ಮೆ ಆನ್."

ಟಕ್.

ಪಂಪಿಗೆ ಡೀಸೆಲ್ ಬಿಡುವ ಪುಟ್ಟ ವಾಲ್ವಿನ ಸದ್ದು ಅದು. ಕೀಲಿ ತಿರುಗಿಸಿದರೆ ಮಾತ್ರ ಬರುತ್ತದೆ. ಅದು ಬರದಿದ್ದರೆ ಬೆಳಗಿನ ತನಕ ಸ್ಟಾರ್ಟರ್ ಹೊಡೆದರೂ ಇಂಜಿನ್ ಹತ್ತುವುದಿಲ್ಲ.

ಕೋಲ್ಬೇನ್ ನನ್ನ ತೋಳು ಹಿಡಿದ. "ಅವಳು... ಯಾರ ಹತ್ರ ಹೇಳ್ತಿದಾಳೆ?"

ಅವನ ಜೇಬು ಮುಟ್ಟಿ ನೋಡಿದೆ. ಕೀಲಿ ಅಲ್ಲೇ ಇತ್ತು.

"ಹಾಗೇ ಹಿಡ್ಕೋ," ಅಂದಳು ಹಾಲ್ಬೆರಾ. ಆ ವಾಲ್ವಿನ ವೈರು ಅಲ್ಲಾಡಿಸಿದಳು. ಟಕ್... ಟಕ್‌ಟಕ್... ಟಕ್. "ಸಿಕ್ತು! ಒಳಗಿನ ತಂತಿ ತುಂಡಾಗಿ ಒಂದೆಳೇಲಿ ನೇತಾಡ್ತಿದೆ. ಗುಂಡಿಗೆ ಇಳಿದಾಗೆಲ್ಲ ಕರೆಂಟು ಹೋಗುತ್ತೆ. ಇದೇ ಕಣೋ ನಿನ್ನ ದೆವ್ವ. ನೋಡ್ಕೋ, ಪುಕ್ಕಲ!"



"ಆಫ್ ಮಾಡು." ತಂತಿ ಸೇರಿಸಿ ತಿರುಚಿದಳು. ಪರ್ರ್... ಅಂತ ಟೇಪ್ ಹರಿದ ಸದ್ದು. "ಈಗ ಸ್ಟಾರ್ಟ್ ಮಾಡು."

ರ್ರ್... ರ್ರ್... ರ್ರ್... ಗುಡುಗುಡುಗುಡು. ಹತ್ತಿಕೊಂಡಿತು.

"ಅಂತೂ ಹುಟ್ಟಿದ ಮೇಲೆ ಇವತ್ತೊಂದಿನ ಹೇಳಿದ ಹಾಗೆ ಕೇಳಿದೀಯ," ಅನ್ನುತ್ತಾ ಬಾನೆಟ್ ಹಾಕಿದಳು. ಧಡ್!

ಲಾಟೀನು ಎತ್ತಿದಳು. ಗಾಜಿನಾಚೆ ಸೀಟಿನಲ್ಲಿ... ಯಾರೂ ಇಲ್ಲ.

ತಿರುಗಿದಳು. ರಸ್ತೆಯಲ್ಲಿ ನಾವಿಬ್ಬರು.

"ಯಾವಾಗ ಇಳಿದೆ?" ಪಿಸುದನಿ.

ಕೋಲ್ಬೇನ್ ಜೇಬಿನಿಂದ ಕೀಲಿ ತೆಗೆದು ಹಿಡಿದ.  ಆಚೆ ಇಂಜಿನ್ ಓಡುತ್ತಲೇ ಇತ್ತು.

ಹಾಲ್ಬೆರಾಳ ಕೈ ಮಡ್‌ಗಾರ್ಡ್ ಹುಡುಕಿತು. ಹಿಡಿದುಕೊಂಡಳು. ಅವಳು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಕೋಲ್ಬೇನ್‌ನನ್ನು ಮೇಲಿಂದ ಕೆಳಗೆ ನೋಡಿದಳು.

"ಒಳಗೆ ಯಾರಿದ್ರೋ ಗೊತ್ತಿಲ್ಲ. ಯಾರಾದ್ರೂ ಸರಿ... ನಿನಗಿಂತ ವಾಸಿ. ನಾಳೆ ನಿನ್ನ ತಾಯೀನ ನಾನೇ ಕರ್ಕೊಂಡು ಹೋಗ್ತೀನಿ. ನೀನು ಮನೇಲಿ ಬಿದ್ದಿರು."

ಕರೆದುಕೊಂಡು ಹೋದಳು, ವಾಪಸ್ಸೂ ಕರೆತಂದಳು. ಎರಡು ಚಳಿಗಾಲ ಆಯಿತು, ಗಾಡಿ ಒಮ್ಮೆಯೂ ನಿಂತಿಲ್ಲ. ಮುದುಕಿ ಗಟ್ಟಿಯಾಗಿದ್ದಾಳೆ. ಕೋಲ್ಬೇನ್ ಈಗ ಎಲ್ಲರಿಗೂ ಆ ವೈರು ಕಂಡುಹಿಡಿದವನು ತಾನೇ ಅನ್ನುತ್ತಾನೆ. ಅನ್ನಲಿ, ಅವನ ಯೋಗ್ಯತೆ ಅಷ್ಟೇ.

ಆದರೆ ಅವತ್ತು ರಾತ್ರಿ ಗಾಡಿ ಮನೆಗೆ ತರೋಣ ಅಂತ ಹಾಲ್ಬೆರಾ ಬಾಗಿಲು ತೆಗೆದಳು ನೋಡಿ... ಹತ್ತಲು ಆಗಲಿಲ್ಲ. ಕೋಲ್ಬೇನ್ ಕೂತು ಇಳಿದುಬಂದಿದ್ದ ಡ್ರೈವರ್ ಸೀಟು ಈಗ ಪೂರ್ತಿ ಮುಂದಕ್ಕೆ ಸರಿದಿತ್ತು. ಸೀಟಿಗೂ ಸ್ಟೀರಿಂಗಿಗೂ ನಡುವೆ ಅಂಗೈ ಅಗಲದ ಜಾಗ. ಅಷ್ಟೇ.

ಅದನ್ನು ಹಿಂದಕ್ಕೆ ತಳ್ಳಿದವನು ನಾನು. ಈ ಕೈಯಲ್ಲೇ.